ದೋಷವಲ್ಲ, ಪಾಠಾಂತರ

ವಿಜ್ಞಾನಿಗಳ ಜೀವನವನ್ನು ಕನ್ನಡದಲ್ಲಿ ಬರೆಯುವುದು ಹೊಸ ಸಾಹಸವೇನೂ ಅಲ್ಲ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದ ಕಾಲದಿಂದ ಈ ಸಾಹಿತ್ಯ ಬೆಳೆಯುತ್ತಲೇ ಬಂದಿದೆ. ಶಿವರಾಮ ಕಾರಂತರು ಒಬ್ಬರೇ ಕುಳಿತು ವಿಜ್ಞಾನದ ಸಂಪುಟಗಳನ್ನು ರಚಿಸಿದರು. ಜೆ. ಆರ್. ಲಕ್ಷ್ಮಣರಾಯರು ವಿಜ್ಞಾನದ ಚರಿತ್ರೆಯನ್ನು ತಿಳಿಗನ್ನಡದಲ್ಲಿ ಹೇಳಬಹುದೆಂದು ತೋರಿಸಿಕೊಟ್ಟರು. ನಮ್ಮ ಕಲಬುರಗಿಯಲ್ಲೇ ಕುಳಿತು ಡಾ. ಪಿ. ಎಸ್. ಶಂಕರರು ವೈದ್ಯಕದ ವಿಷಯಗಳನ್ನು ಪುಸ್ತಕದ ಮೇಲೆ ಪುಸ್ತಕವಾಗಿ ಕನ್ನಡಕ್ಕೆ ತಂದರು. ಆದರೂ ಶಾಲೆಯ ಪಠ್ಯಗಳಲ್ಲಿಯೂ ಪತ್ರಿಕೆಗಳಲ್ಲಿಯೂ ನಾವು ಸಾಧಾರಣವಾಗಿ ಕಾಣುವ ವಿಜ್ಞಾನಿಯ ಚರಿತ್ರೆ ಮೂರು ಅಂಕಗಳ ನಾಟಕ: ಮೊದಲು ಬಡತನ, ಆಮೇಲೆ ಛಲ, ಕಡೆಗೆ ಪ್ರಶಸ್ತಿ. ಛಲಕ್ಕೂ ಪ್ರಶಸ್ತಿಗೂ ನಡುವೆ ಆತ ಮಾಡಿದ್ದೇನು, ಅದು ನಿಜವೆಂದು ಅವನಿಗೆ ಗೊತ್ತಾದದ್ದು ಹೇಗೆ ಎಂಬ ಮುಖ್ಯ ಪ್ರಶ್ನೆ ಪರದೆಯ ಹಿಂದೆಯೇ ಉಳಿದುಬಿಡುತ್ತದೆ.

ನಕ್ಷತ್ರಗಳನ್ನು ಕುರಿತು ಸಂಶೋಧನೆ ಮಾಡಿದವನ ವಿಷಯದಲ್ಲಿ ಈ ಲೋಪದಿಂದ ಆಗುವ ಹಾನಿ ಅಲ್ಪ. ಆದರೆ ತಂದೆತಾಯಿಗಳಿಂದ ಮಕ್ಕಳಿಗೆ ಇಳಿದು ಬರುವ ಕಾಯಿಲೆಗಳನ್ನು ಶೋಧಿಸಿದ ವೈದ್ಯನ ಕಥೆಯನ್ನು ಹೀಗೆ ಹೇಳಿದರೆ ಹಾನಿ ದೊಡ್ಡದು. ಏಕೆಂದರೆ ಆತನ ಶೋಧನೆ ಪ್ರಯೋಗಶಾಲೆಯಿಂದ ಹೊರಟು ನೇರವಾಗಿ ನಮ್ಮ ನಡುಮನೆಗೆ ಬರುತ್ತದೆ. ಬಂದಾಗ ಅದು ನಮ್ಮ ಮಾತುಗಳನ್ನೇ ಉಟ್ಟುಕೊಂಡು ಬರಬೇಕು. ಆ ಮಾತುಗಳು ಎಂಥವು ಎಂಬುದನ್ನು ವಿಮರ್ಶಿಸುವುದು ಕನ್ನಡದ ಅಧ್ಯಾಪಕನ ಕೆಲಸವೂ ಹೌದೆಂದು ನಾನು ತಿಳಿದಿದ್ದೇನೆ. ಉದಾಹರಣೆಗೆ ಫ್ರೀಡ್‌ಹೆಲ್ಮ್ ಹಿಲ್ಡೆಬ್ರಾಂಟ್ ಎಂಬ ಮಕ್ಕಳ ಮೂತ್ರಪಿಂಡ ವೈದ್ಯರ ವೃತ್ತಿಜೀವನವನ್ನು ತೆಗೆದುಕೊಳ್ಳುತ್ತೇನೆ. ಜರ್ಮನಿಯ ಫ್ರೈಬುರ್ಗಿನಲ್ಲಿಯೂ ಬಳಿಕ ಅಮೆರಿಕದ ಮಿಷಿಗನ್ ಮತ್ತು ಬಾಸ್ಟನ್ನುಗಳಲ್ಲಿಯೂ ನಡೆದ ಈ ಜೀವನದಲ್ಲಿ ಯಾದಗಿರಿ, ಶಹಾಪುರ, ಸುರಪುರದ ಓದುಗರಿಗೆ ಸಂಬಂಧಪಟ್ಟದ್ದು ಏನಿದೆ ಎಂದು ಕೇಳುವುದು ಸಹಜ. ಸಂಬಂಧವಿದೆ, ಅದೂ ಹತ್ತಿರದ್ದು.

ಅವರು ಬಹುಕಾಲ ಬೆನ್ನುಹತ್ತಿದ ಕಾಯಿಲೆಯ ಹೆಸರು ನೆಫ್ರೊನೊಫ್ತೈಸಿಸ್. ನಮ್ಮ ಒಂದೊಂದು ಮೂತ್ರಪಿಂಡದಲ್ಲಿಯೂ ರಕ್ತವನ್ನು ಸೋಸುವ ನೆಫ್ರಾನುಗಳೆಂಬ ಸೂಕ್ಷ್ಮ ನಳಿಕೆಗಳು ಸುಮಾರು 10 ಲಕ್ಷ ಇರುತ್ತವೆ. ಈ ಕಾಯಿಲೆಯಲ್ಲಿ ಅವು ಸದ್ದಿಲ್ಲದೆ ಕ್ಷಯಿಸುತ್ತ ಹೋಗುತ್ತವೆ. ಮಗು ಹಗಲಿರುಳು ನೀರು ಬೇಡುತ್ತದೆ, ಪದೇಪದೇ ಮೂತ್ರಕ್ಕೆ ಏಳುತ್ತದೆ, ದೊಡ್ಡದಾದ ಮೇಲೂ ಹಾಸಿಗೆ ಒದ್ದೆಮಾಡುತ್ತದೆ. ಬಿಳಿಚಿಕೊಳ್ಳುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ. ಮೈ ಊದುವುದಿಲ್ಲ, ಮೂತ್ರದಲ್ಲಿ ರಕ್ತ ಕಾಣುವುದಿಲ್ಲ. ಬಾಲ್ಯದಲ್ಲಿ ಕಾಣಿಸಿಕೊಳ್ಳುವ ಸಾಮಾನ್ಯ ಬಗೆಯಲ್ಲಿ ಸರಾಸರಿ 13ನೆಯ ವಯಸ್ಸಿನ ಹೊತ್ತಿಗೆ ಎರಡು ಮೂತ್ರಪಿಂಡಗಳೂ ಕೆಲಸ ನಿಲ್ಲಿಸುತ್ತವೆ. ಬೇಸಗೆಯಲ್ಲಿ 40 ಡಿಗ್ರಿಯನ್ನು ದಾಟುವ ನಮ್ಮ ಸೀಮೆಯಲ್ಲಿ ಮಗು ಸದಾ ನೀರು ಕೇಳಿದರೆ ಯಾರು ಅಚ್ಚರಿಪಟ್ಟಾರು? ಹಾಸಿಗೆ ಒದ್ದೆಮಾಡಿದ್ದಕ್ಕೆ ಬೈಗುಳ ಸಿಗಬಹುದು, ಹೆಚ್ಚೆಂದರೆ ಒಂದು ತಾಯಿತ ಸಿಗಬಹುದು. ನಮ್ಮ ಬಿಸಿಲೇ ಈ ಕಾಯಿಲೆಗೆ ಮರೆಯಾಗುತ್ತದೆ.

ಈ ಹೆಸರನ್ನು ಕನ್ನಡಿಸಲು ಹೊರಟವನಿಗೆ ಮೊದಲನೆಯ ತೊಡಕು ಇಲ್ಲೇ ಎದುರಾಗುತ್ತದೆ. ಗ್ರೀಕಿನ ‘ಫ್ತೈಸಿಸ್’ ಎಂದರೆ ಸವೆಯುವುದು, ಕ್ಷಯಿಸುವುದು. ಅದು ಆ ಭಾಷೆಯಲ್ಲಿ ಎದೆಯ ರೋಗಕ್ಕೂ ಹೆಸರಾಗಿತ್ತು. ನಮ್ಮ ‘ಕ್ಷಯ’ವೂ ಹಾಗೆಯೇ. ‘ನೆಫ್ರಾನ್ ಕ್ಷಯ’ ಎಂದರೆ ಅರ್ಥ ನಿಖರವಾದೀತು, ಆದರೆ ನಮ್ಮ ಜನ ಅದನ್ನು ಅಂಟುರೋಗವೆಂದು ಭಾವಿಸಿ ಮಗುವಿನ ತಟ್ಟೆ ಲೋಟಗಳನ್ನು ಬೇರೆ ಇಟ್ಟಾರು. ಒಂದು ಪದದ ಆಯ್ಕೆಯಿಂದ ಒಂದು ಮಗು ಪಂಕ್ತಿಯಿಂದ ಹೊರಗೆ ಉಳಿಯಬಹುದು. ಪರಿಭಾಷೆ ಕೇವಲ ನಿಘಂಟಿನವರ ತಲೆನೋವಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಇನ್ನು ಶೋಧನೆಯ ಮಾತು. 1997ರಲ್ಲಿ ಹಿಲ್ಡೆಬ್ರಾಂಟ್ ಮತ್ತು ಅವರ ಸಂಗಡಿಗರು ಈ ಕಾಯಿಲೆಗೆ ಕಾರಣವಾದ ಮೊದಲನೆಯ ಜೀನನ್ನು ಗುರುತಿಸಿದರು. ಅದೇ ವರ್ಷ ಪ್ಯಾರಿಸ್ಸಿನ ಕೊರಿನ್ ಆಂಟಿಗ್ನಾಕ್ ಅವರ ತಂಡವೂ ಸ್ವತಂತ್ರವಾಗಿ ಅದೇ ಜೀನನ್ನು ಮುಟ್ಟಿತು. ಮೂರಂಕದ ನಾಟಕ ಬರೆಯುವವನು ಈ ಎರಡನೆಯ ಸಂಗತಿಯನ್ನು ನುಂಗಿಬಿಡುತ್ತಾನೆ, ಏಕೆಂದರೆ ಅದು ನಾಯಕನ ಏಕಾಂತವನ್ನು ಕೆಡಿಸುತ್ತದೆ. ಆದರೆ ಇಬ್ಬರು ಬೇರೆಬೇರೆ ದಾರಿಯಿಂದ ಬಂದು ಒಂದೇ ಬಾಗಿಲನ್ನು ತಟ್ಟಿದರೆಂಬುದೇ ಆ ಬಾಗಿಲು ನಿಜವೆನ್ನುವುದಕ್ಕೆ ಸಾಕ್ಷಿ. ವಿಜ್ಞಾನದಲ್ಲಿ ಪ್ರತಿಸ್ಪರ್ಧಿಯೇ ಒಳ್ಳೆಯ ಸಾಕ್ಷಿದಾರ.

ಆ ಜೀನಿನಲ್ಲಿ ಕಂಡದ್ದೇನು? ಕನ್ನಡ ಎಂ.ಎ. ಓದಿದವರಿಗೆ ಇದನ್ನು ತಿಳಿಸುವುದು ಸುಲಭ, ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ನಮಗೆ ಆ ಭಾಷೆಯನ್ನು ಆಗಲೇ ಕಲಿಸಿದೆ. ಓಲೆಯ ಪ್ರತಿಯೊಂದನ್ನು ಲಿಪಿಕಾರ ಇನ್ನೊಂದು ಓಲೆಗೆ ಇಳಿಸುತ್ತಾನೆ. ಇಳಿಸುವಾಗ ಅಕ್ಷರ ಬದಲಾಗುತ್ತದೆ, ಸಾಲು ಬಿಡುತ್ತದೆ. ಬದಲಾದದ್ದು ಪಾಠಾಂತರ, ಬಿಟ್ಟುಹೋದದ್ದು ಗ್ರಂಥಪಾತ. ನಮ್ಮ ದೇಹದ ಪ್ರತಿಯೊಂದು ಕಣದಲ್ಲಿಯೂ ಹೀಗೆಯೇ ಇಳಿದುಬಂದ ಎರಡು ಪ್ರತಿಗಳಿವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. 1997ರಲ್ಲಿ ದೊರೆತ ಜೀನಿನಿಂದ ಕಾಯಿಲೆ ಬಿದ್ದ ಮಕ್ಕಳಲ್ಲಿ ಬಹುಪಾಲಿನವರಿಗೆ ಅಕ್ಷರವೊಂದು ಬದಲಾಗಿರುವುದಿಲ್ಲ. ಇಡೀ ಜೀನೇ ಎರಡೂ ಪ್ರತಿಗಳಿಂದ ಬಿಟ್ಟುಹೋಗಿರುತ್ತದೆ. ಬಿಟ್ಟುಹೋಗುವುದಕ್ಕೆ ಕಾರಣವೂ ಸಂಪಾದಕರಿಗೆ ಪರಿಚಿತವಾದದ್ದೇ. ಒಂದೇ ಬಗೆಯ ಮಾತು ಎರಡು ಸಾಲುಗಳಲ್ಲಿ ಬಂದಾಗ ಲಿಪಿಕಾರನ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಜಿಗಿದು ನಡುವಿನದನ್ನು ಬಿಟ್ಟುಬಿಡುತ್ತದೆಯಷ್ಟೆ? ಈ ಜೀನಿನ ಎರಡು ಪಕ್ಕಗಳಲ್ಲಿಯೂ ಒಂದನ್ನೊಂದು ಬಹುವಾಗಿ ಹೋಲುವ ಭಾಗಗಳಿವೆ. ಪ್ರಕೃತಿಯ ಲಿಪಿಕಾರ ಅಲ್ಲಿಯೇ ಎಡವುತ್ತಾನೆ. ಆದಕಾರಣ ರಕ್ತಸಂಬಂಧವಿಲ್ಲದ ದಂಪತಿಗಳ ಮಕ್ಕಳಲ್ಲಿಯೂ ಈ ಗ್ರಂಥಪಾತ ಕಾಣಸಿಗುತ್ತದೆ.

ಮುಂದಿನ ಅನೇಕ ಜೀನುಗಳನ್ನು ಹುಡುಕುವುದಕ್ಕೆ ಹಿಲ್ಡೆಬ್ರಾಂಟ್ ಮುಂತಾದವರು ಹಿಡಿದ ಮಾರ್ಗವೂ ನಮ್ಮ ಶಾಸ್ತ್ರಕ್ಕೆ ಹತ್ತಿರವಾದದ್ದು. ಎರಡು ಪ್ರತಿಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಸ್ಖಲನವಿದ್ದರೆ ಅವೆರಡಕ್ಕೂ ಮೂಲ ಒಂದೇ ಎಂದು ಸಂಪಾದಕ ಊಹಿಸುತ್ತಾನೆ. ಹೀಗೆ ‘ಪ್ರತಿಗಳ ವಂಶವೃಕ್ಷ’ವನ್ನು ಬರೆಯುತ್ತಾನೆ. ರಕ್ತಸಂಬಂಧದಲ್ಲಿ ಮದುವೆಯಾದವರ ಮಗುವಿನ ದೇಹದಲ್ಲಿ ತಾಯಿಯ ಪ್ರತಿಯೂ ತಂದೆಯ ಪ್ರತಿಯೂ ಅಕ್ಷರಶಃ ಒಂದೇ ಆಗಿರುವ ಭಾಗಗಳು ಕೆಲವಿರುತ್ತವೆ, ಏಕೆಂದರೆ ಅವೆರಡೂ ಒಬ್ಬನೇ ಮುತ್ತಾತನಿಂದ ಇಳಿದವು. ಕಾಯಿಲೆಯ ಕಾರಣ ಆ ಭಾಗಗಳಲ್ಲಿಯೇ ಅಡಗಿರಬೇಕು. ಮಿಕ್ಕದ್ದನ್ನು ಬಿಟ್ಟು ಅಲ್ಲಿ ಹುಡುಕು. ಲ್ಯಾಂಡರ್ ಮತ್ತು ಬಾಟ್‌ಸ್ಟೈನ್ 1987ರಲ್ಲಿ ಸೂಚಿಸಿದ ಈ ಉಪಾಯ ಅತಿ ವಿರಳವಾದ ಕಾಯಿಲೆಗಳ ಬೀಗವನ್ನು ತೆರೆಯಿತು. ಒಂದೇ ಮನೆತನದ ನಾಲ್ಕಾರು ಜನರ ರಕ್ತದಿಂದಲೇ ಜೀನಿನ ವಿಳಾಸ ತಿಳಿಯುವಂತಾಯಿತು.

ಇಲ್ಲಿಯೇ ನಮ್ಮ ಸೀಮೆಯ ಸಂಬಂಧ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾಯರೂ ಎ. ರಾಧಾ ರಮಾದೇವಿಯವರೂ ಎ. ಎಚ್. ಬಿಟಲ್ಸರೂ 1980ರ ದಶಕದಲ್ಲಿ ಕರ್ನಾಟಕದ ಮದುವೆಗಳನ್ನು ಅಧ್ಯಯನ ಮಾಡಿದಾಗ ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗೇ ನಡೆದದ್ದಾಗಿತ್ತು. ಸೋದರಮಾವನಿಗೆ ಅಕ್ಕನ ಮಗಳು, ಅತ್ತೆಯ ಮಗನಿಗೆ ಮಾವನ ಮಗಳು: ಕಳ್ಳುಬಳ್ಳಿ ಹರಿಯಬಾರದು, ಹೊಲ ಹಂಚಿಹೋಗಬಾರದು, ಹೆಣ್ಣುಮಗಳು ಗುರುತಿಲ್ಲದ ಮನೆಯನ್ನು ತುಳಿಯಬಾರದು ಎಂಬ ಮೂರು ಕಾರಣಗಳು ಇದರ ಹಿಂದಿವೆ, ಮೂರೂ ಅರ್ಥವಿಲ್ಲದವಲ್ಲ. ಲೆಕ್ಕ ಹೀಗಿದೆ: ಸೋದರಮಾವನೂ ಸೊಸೆಯೂ ಮದುವೆಯಾದರೆ, ಅವರ ಮಗುವಿನ ಯಾವುದೇ ಒಂದು ಜೀನಿನ ಎರಡು ಪ್ರತಿಗಳೂ ಒಂದೇ ಮೂಲದಿಂದ ಬಂದಿರುವ ಸಾಧ್ಯತೆ 8ರಲ್ಲಿ 1. ಅತ್ತೆ ಮಾವಂದಿರ ಮಕ್ಕಳು ಮದುವೆಯಾದರೆ 16ರಲ್ಲಿ 1. ಒಂದೇ ಪ್ರತಿಯಲ್ಲಿ ಲೋಪವಿದ್ದರೆ ಇನ್ನೊಂದು ಪ್ರತಿ ಕೆಲಸ ನಡೆಸುತ್ತದೆ. ಎರಡರಲ್ಲಿಯೂ ಲೋಪವಿದ್ದರೆ ಮಾತ್ರ ಕಾಯಿಲೆ. ಇಂಥ ಲೋಪವುಳ್ಳ ಒಂಟಿ ಪ್ರತಿಗಳನ್ನು ನಾವೆಲ್ಲರೂ, ಯಾವ ಜಾತಿಯವರಾದರೂ ಯಾವ ಊರಿನವರಾದರೂ, ಒಂದೆರಡನ್ನಾದರೂ ಹೊತ್ತೇ ತಿರುಗುತ್ತಿರುತ್ತೇವೆ.

ಈಗ ನಮ್ಮ ಪಠ್ಯಪುಸ್ತಕಗಳ ಕನ್ನಡವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಒಂದೇ ಪ್ರತಿಯಿಂದ ಫಲ ತೋರುವ ಗುಣಕ್ಕೆ ‘ಪ್ರಬಲ’ವೆಂದೂ ಎರಡೂ ಪ್ರತಿಗಳು ಕೂಡಿದಾಗ ಮಾತ್ರ ತೋರುವುದಕ್ಕೆ ‘ದುರ್ಬಲ’ವೆಂದೂ ಅವು ಹೆಸರಿಟ್ಟಿವೆ. 13ರ ಬಾಲಕನ ಎರಡು ಮೂತ್ರಪಿಂಡಗಳನ್ನು ನಿಲ್ಲಿಸಬಲ್ಲ ಗುಣವನ್ನು ದುರ್ಬಲವೆಂದು ಕರೆಯುವುದು ಎಂಥ ಮಾತು? ಅದು ದುರ್ಬಲವಲ್ಲ, ಅಡಗಿದ್ದು. ‘ಅಡಗಿದ ಗುಣ’ ಎಂದರೆ ಹಳ್ಳಿಯ ಅಜ್ಜಿಗೂ ತಿಳಿಯುತ್ತದೆ. ಎರಡು ತಲೆಮಾರು ಕಾಣದೆ ಇದ್ದು ಮೂರನೆಯದರಲ್ಲಿ ಏಕೆ ಎದ್ದಿತು ಎಂಬುದನ್ನೂ ಆ ಮಾತೇ ವಿವರಿಸುತ್ತದೆ.

ಇದಕ್ಕಿಂತ ಕೆಟ್ಟದ್ದು ‘ದೋಷ’ ಎಂಬ ಮಾತು. ‘ಜೀನಿನ ದೋಷ’, ‘ದೋಷಪೂರಿತ ವಂಶವಾಹಿ’ ಎಂದು ನಮ್ಮ ಅನುವಾದಕರು ಲೀಲಾಜಾಲವಾಗಿ ಬರೆಯುತ್ತಾರೆ. ಸಂಸ್ಕೃತದ ಕೋಶದಲ್ಲಿ ಅದು ತಪ್ಪಲ್ಲದಿರಬಹುದು. ಆದರೆ ಮದುವೆಯ ಮಾತುಕತೆಯಲ್ಲಿ ಕುಜದೋಷ, ನಾಡಿದೋಷ, ಮಕ್ಕಳಾಗದಿದ್ದರೆ ನಾಗದೋಷ ಎಂದು ಕೇಳಿ ಬೆಳೆದ ಕಿವಿಗೆ ‘ಜೀನಿನ ದೋಷ’ ಆ ಪಟ್ಟಿಯ ಇನ್ನೊಂದು ದೋಷವಾಗಿಯೇ ಕೇಳಿಸುತ್ತದೆ. ದೋಷವೆಂದ ಮೇಲೆ ದೋಷಿ ಇರಲೇಬೇಕು. ದೋಷಿ ಯಾರು? ಸೊಸೆ. “ನಿನ್ನ ತವರಿನಿಂದ ತಂದದ್ದು” ಎಂಬ ಮಾತು ಸಿದ್ಧವಾಗಿಯೇ ಇರುತ್ತದೆ. ವಿಜ್ಞಾನ ಹೇಳುವುದು ಇದಕ್ಕೆ ತದ್ವಿರುದ್ಧ: ಅಡಗಿದ ಗುಣ ಹೊರಬೀಳಬೇಕಾದರೆ ಎರಡು ಕಡೆಯಿಂದಲೂ ಬಂದಿರಲೇಬೇಕು. ಸೋದರಿಕೆಯ ಮದುವೆಯಲ್ಲಂತೂ ತವರೂ ಅತ್ತೆಮನೆಯೂ ಒಂದೇ ಬಳ್ಳಿಯ ಕುಡಿಗಳು. ತವರನ್ನು ದೂರುವ ಅತ್ತೆ ತನ್ನ ತಾಯಿಯನ್ನೇ ದೂರುತ್ತಿರುತ್ತಾಳೆ. ಗ್ರಂಥಸಂಪಾದಕನು ಪಾಠಾಂತರವನ್ನು ಕಂಡಾಗ ಲಿಪಿಕಾರನನ್ನು ಶಪಿಸುತ್ತ ಕೂಡುವುದಿಲ್ಲ. ಅದನ್ನು ಗುರುತಿಸುತ್ತಾನೆ, ಎಲ್ಲಿಂದ ಬಂತೆಂದು ಕೇಳುತ್ತಾನೆ, ಅರ್ಥ ಎಷ್ಟು ಕೆಟ್ಟಿತೆಂದು ತೂಗುತ್ತಾನೆ. ಬಹುಪಾಲು ಪಾಠಾಂತರಗಳಿಂದ ಪದ್ಯದ ಅರ್ಥ ಕೆಡುವುದೇ ಇಲ್ಲ; ಕೆಲವು ಮಾತ್ರ ಪದ್ಯವನ್ನೇ ಕೊಲ್ಲುತ್ತವೆ. ಜೀನುಗಳ ಸಂಗತಿಯೂ ಅಷ್ಟೇ.

ಕಾರಣವನ್ನೂ ಅಪರಾಧವನ್ನೂ ಒಂದೇ ಗಂಟಿನಲ್ಲಿ ಕಟ್ಟುವ ಈ ರೂಢಿ ಜನರ ಬಾಯಿಗಷ್ಟೇ ಸೇರಿದ್ದಲ್ಲ. ನಮ್ಮ ಸಾಹಿತ್ಯಾಭಿರುಚಿಯ ಒಳಕ್ಕೂ ಇಳಿದಿದೆ. 1965ರಲ್ಲಿ ಬಂದ ಭೈರಪ್ಪನವರ ‘ವಂಶವೃಕ್ಷ’ವನ್ನೇ ನೋಡಿ. ಮರುಮದುವೆಯಾದ ಕಾತ್ಯಾಯನಿಗೆ ಮೇಲಿಂದ ಮೇಲೆ ಗರ್ಭಪಾತವಾಗುತ್ತದೆ. ಅದನ್ನು ಆಕೆ ತನ್ನ ಪಾಪದ ಫಲವೆಂದು ತಿಳಿದು ಸವೆಯುತ್ತಾಳೆ. ಕಾದಂಬರಿಕಾರರು ಇದನ್ನು ಆಕೆಯ ಮನಸ್ಸಿನ ಸಂಕಟವಾಗಿ ಚಿತ್ರಿಸಿದ್ದಾರೆಯೇ ಹೊರತು ತೀರ್ಪಾಗಿ ಸಾರಿಲ್ಲ. ಆದರೆ “ಕಾತ್ಯಾಯನಿಗೆ ತಕ್ಕ ಶಿಕ್ಷೆಯಾಯಿತು” ಎಂದು ಉತ್ತರಪತ್ರಿಕೆಯಲ್ಲಿ ಬರೆಯುವ ವಿದ್ಯಾರ್ಥಿಗಳನ್ನು ನಾನು ವರ್ಷವರ್ಷವೂ ಕಂಡಿದ್ದೇನೆ. ದೇಹದ ಒಂದು ಸಂಗತಿಯನ್ನು ನೀತಿಯ ತೀರ್ಪಾಗಿ ಓದುವ ಅಭ್ಯಾಸ ಅವರಿಗೆ ಮನೆಯಿಂದಲೇ ಬಂದಿರುತ್ತದೆ. ಅದೇ ಕಾದಂಬರಿ ತನ್ನ ಕೊನೆಯಲ್ಲಿ ಈ ಅಭ್ಯಾಸದ ಬೇರನ್ನೇ ಕೀಳುತ್ತದೆಂಬುದನ್ನು ಅವರು ಗಮನಿಸುವುದಿಲ್ಲ: ವಂಶದ ಶುದ್ಧಿಗಾಗಿ ಬಾಳಿದ ಶ್ರೋತ್ರಿಗಳಿಗೆ ತಾನು ಆ ವಂಶದ ರಕ್ತವೇ ಅಲ್ಲವೆಂದು ತಿಳಿಯುತ್ತದೆ. ವೈದ್ಯನು ಕಾಗದದ ಮೇಲೆ ಚೌಕ ಮತ್ತು ದುಂಡುಗಳಿಂದ ಬರೆಯುವ ವಂಶವೃಕ್ಷ ಇಂಥ ಹೆಮ್ಮೆಯನ್ನೂ ಅರಿಯದು, ಇಂಥ ಅವಮಾನವನ್ನೂ ಅರಿಯದು. ಚೌಕ ಗಂಡು, ದುಂಡು ಹೆಣ್ಣು, ಕಪ್ಪು ತುಂಬಿದರೆ ಕಾಯಿಲೆ, ಜೋಡಿಗೆರೆಯಿದ್ದರೆ ರಕ್ತಸಂಬಂಧದ ಮದುವೆ. ಅಲ್ಲಿ ಪಾಪಕ್ಕೆ ಗುರುತೇ ಇಲ್ಲ. ಈ ನಿರ್ಲಿಪ್ತತೆಯನ್ನು ಕೆಲವರು ಶುಷ್ಕವೆನ್ನಬಹುದು. ನನಗೆ ಅದು ಕರುಣೆಯ ಒಂದು ರೂಪವಾಗಿ ಕಾಣುತ್ತದೆ.

ದೋಷದ ಮಾತನ್ನು ಬಿಟ್ಟವರು ಮರುಕ್ಷಣ ಇನ್ನೊಂದು ಹಳ್ಳಕ್ಕೆ ಬೀಳುವುದುಂಟು, ಅದು ‘ಹಣೆಬರಹ’. ಜೀನಿನಲ್ಲಿ ಬರೆದದ್ದು ತಪ್ಪದು ಎಂಬುದು ಹೊಸ ಕಾಲದ ಜಾತಕವಾಗಿದೆ. ಜಾತಕವೆಂದೊಡನೆ ಸುರಪುರದವರಿಗೆ ಮೆಡೋಸ್ ಟೇಲರನ ನೆನಪು ಬರದಿರದು. 1841ರಲ್ಲಿ ಸುರಪುರಕ್ಕೆ ಬಂದು, 1853ರವರೆಗೆ ಬಾಲರಾಜ ವೆಂಕಟಪ್ಪ ನಾಯಕನ ಪರವಾಗಿ ಆಡಳಿತ ನೋಡಿಕೊಂಡ ಟೇಲರ್, ತಾನು ಸತ್ತ ಮರುವರ್ಷ 1877ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಆ ರಾಜನ ಜಾತಕದ ಕಥೆಯನ್ನು ಹೇಳಿದ್ದಾನೆ: 24ನೆಯ ವರ್ಷದಲ್ಲಿ ಮರಣವೆಂದು ಅದರಲ್ಲಿ ಬರೆದಿತ್ತಂತೆ. 1858ರಲ್ಲಿ ಸೆರೆಸಿಕ್ಕ ಆ ಯುವಕ ಪಿಸ್ತೂಲಿನ ಗುಂಡಿಗೆ ತೀರಿಕೊಂಡಾಗ ಜಾತಕ ಫಲಿಸಿತೆಂಬ ಬೆರಗು ಟೇಲರನ ಬರಹದಲ್ಲಿ ಉಳಿದಿದೆ. ಕಥನವಾಗಿ ಅದು ಬಹು ಪರಿಣಾಮಕಾರಿ. ಆದರೆ ಜಾತಕ ಏನನ್ನು ತಿಳಿಸಿತು? ಫಲವನ್ನು ಮಾತ್ರ. ಕಂಪನಿ ಸರ್ಕಾರದ ಒತ್ತಡ, 1857ರ ದಂಗೆ, ಆಸ್ಥಾನದ ಸಲಹೆಗಾರರು, ಕೈಗೆ ಸಿಕ್ಕ ಪಿಸ್ತೂಲು, ಇವು ಯಾವುವೂ ಅದರಲ್ಲಿಲ್ಲ. ದಾರಿ ತಿಳಿಯದಿದ್ದರೆ ತಡೆಯುವುದು ಎಲ್ಲಿ?

ಜೀನಿಗೂ ಜಾತಕಕ್ಕೂ ಇರುವ ಭೇದ ಇದೇ, ಮತ್ತು ನಾನು ಹೇಳುತ್ತಿರುವ ವೃತ್ತಿಜೀವನದ ನಿಜವಾದ ತಿರುಳೂ ಇದೇ. ಮೂತ್ರದಲ್ಲಿ ಪ್ರೋಟೀನು ಸೋರಿ ಮುಖ ಮೈ ಊದಿಕೊಳ್ಳುವ, ಸ್ಟಿರಾಯ್ಡಿಗೆ ಬಗ್ಗದ ಇನ್ನೊಂದು ಮಕ್ಕಳ ಕಾಯಿಲೆಯಿದೆ. ಅದರ ಒಂದು ಜೀನನ್ನು ಪ್ಯಾರಿಸ್ಸಿನ ತಂಡ 2000ದಲ್ಲಿ ಕಂಡುಹಿಡಿಯಿತು. ಆ ಜೀನಿನ ಎರಡೂ ಪ್ರತಿಗಳಲ್ಲಿ ಲೋಪವಿರುವ ಮಕ್ಕಳಿಗೆ ಸ್ಟಿರಾಯ್ಡ್ ಚಿಕಿತ್ಸೆಯಿಂದ ಗುಣವಿಲ್ಲವೆಂದು ಹಿಲ್ಡೆಬ್ರಾಂಟ್ ತಂಡ 2004ರಲ್ಲಿ ತೋರಿಸಿತು. ಎಂದರೆ, ಅಂಥ ಮಗುವಿಗೆ ತಿಂಗಳುಗಟ್ಟಲೆ ಆ ಔಷಧವನ್ನು ಕೊಟ್ಟು ಮೈಯನ್ನು ಹಾಳುಮಾಡಬೇಕಾಗಿಲ್ಲ. 2006ರಲ್ಲಿ ಅವರು ಇನ್ನೊಂದು ಜೀನನ್ನು ಕಂಡುಹಿಡಿದಾಗ, ಅದರಲ್ಲಿ ಲೋಪವಿದ್ದರೂ ಇಬ್ಬರು ರೋಗಿಗಳು ಚಿಕಿತ್ಸೆಯಿಂದ ಚೇತರಿಸಿಕೊಂಡದ್ದು ಕಂಡುಬಂತು. ಬರೆದದ್ದು ತಪ್ಪದು ಎಂಬ ಮಾತು ಅಲ್ಲಿಗೇ ಸಡಿಲವಾಯಿತು. 2011ರಲ್ಲಿ ಕಂಡ ಬೇರೊಂದು ಜೀನು ಕೋಎನ್‌ಜೈಮ್ ಕ್ಯೂ10 ಎಂಬ ವಸ್ತುವನ್ನು ದೇಹ ತಯಾರಿಸುವ ಕ್ರಮಕ್ಕೆ ಸೇರಿದ್ದು. ಕೊರತೆಯಾದ ಆ ವಸ್ತುವನ್ನೇ ಬಾಯಿಯ ಮೂಲಕ ಕೊಟ್ಟರೆ ಕೆಲವರಲ್ಲಿ ಸುಧಾರಣೆಯಾಯಿತು. ಇದೇ ಕಾಯಿಲೆಯ 1,783 ಕುಟುಂಬಗಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 526 ಕುಟುಂಬಗಳಿಗೆ ಒಂದೇ ಜೀನಿನ ಕಾರಣ ದೊರೆಯಿತು. ಹೊರಗೆ ಒಂದೇ ಆಗಿ ಕಾಣುವ ಕಾಯಿಲೆಯೊಳಗೆ ಹತ್ತಾರು ಬೇರೆಬೇರೆ ಕಾರಣಗಳು. ಒಂದೊಂದಕ್ಕೂ ಬೇರೆ ದಾರಿ. ಜಾತಕ ದಿನಾಂಕವನ್ನು ಹೇಳುತ್ತದೆ. ಜೀನು ಬಾಗಿಲನ್ನು ತೋರಿಸುತ್ತದೆ. ಬಾಗಿಲು ಒಮ್ಮೊಮ್ಮೆ ಮುಚ್ಚಿಯೇ ಇರುತ್ತದೆ, ಅದು ಬೇರೆ ಮಾತು.

ಮುಚ್ಚಿದ ಬಾಗಿಲುಗಳನ್ನು ಚರಿತ್ರೆಕಾರ ಮರೆಮಾಚಬಾರದು. ನೆಫ್ರೊನೊಫ್ತೈಸಿಸ್‌ಗೆ 20ಕ್ಕೂ ಹೆಚ್ಚು ಜೀನುಗಳು ಗೊತ್ತಾಗಿವೆ. ಕ್ಷಯಿಸುವ ನೆಫ್ರಾನನ್ನು ತಡೆದು ನಿಲ್ಲಿಸುವ ಸಿದ್ಧ ಔಷಧ ಮಾತ್ರ ವೈದ್ಯರ ಕೈಯಲ್ಲಿಲ್ಲ. ಡಯಾಲಿಸಿಸ್ ಮಾಡಿಸಬೇಕು, ಬದಲಿ ಮೂತ್ರಪಿಂಡ ಜೋಡಿಸಬೇಕು. ಜೋಡಿಸಿದ ಮೂತ್ರಪಿಂಡದಲ್ಲಿ ಈ ಕಾಯಿಲೆ ಮರುಕಳಿಸುವುದಿಲ್ಲವೆಂಬುದು ಸಮಾಧಾನದ ಸಂಗತಿ, ಆದರೆ ಆ ಸಮಾಧಾನಕ್ಕೆ ಬೆಲೆಯಿದೆ. ತೊಗರಿಯ ಬೆಲೆಯನ್ನು ನಂಬಿ ಬದುಕುವ ನಮ್ಮ ಕಡೆಯ ಮನೆಗೆ ಅದು ಎಂಥ ಬೆಲೆಯೆಂದು ವಿವರಿಸಬೇಕಾಗಿಲ್ಲ. ಇನ್ನೊಂದು ಋಣವೂ ಇದೆ. ಈ ಶೋಧನೆಗಳೆಲ್ಲ ನಿಂತಿರುವುದು ರಕ್ತ ಕೊಟ್ಟ ಸಾವಿರಾರು ಮನೆಗಳ ಮೇಲೆ. ಸೋದರಿಕೆ ಹೆಚ್ಚಾಗಿರುವ ಸಮಾಜಗಳ ಮನೆಗಳು ಅವುಗಳಲ್ಲಿ ಬಹಳ. ಅವರ ಹೆಸರು ಪ್ರಬಂಧಗಳಲ್ಲಿ ಬರುವುದಿಲ್ಲ, ಬರಕೂಡದು ಕೂಡ. ಆದರೆ ಅವರು ಇದ್ದರೆಂಬ ಮಾತಾದರೂ ವಿಜ್ಞಾನಿಯ ಚರಿತ್ರೆಯಲ್ಲಿ ಬರಬೇಕು.

ಇಂಥ ಜೀವನವನ್ನು ಕನ್ನಡದಲ್ಲಿ ಬರೆಯುವವರಿಂದ ನಾನು ಅಪೇಕ್ಷಿಸುವುದು ಹೆಚ್ಚೇನಲ್ಲ. ಪ್ರಶಸ್ತಿಗಳ ಪಟ್ಟಿಯನ್ನು ಕಡಮೆಮಾಡಿ ವಿಧಾನವನ್ನು ಬಿಡಿಸಿ ಹೇಳಲಿ. ನಾಲ್ಕರಲ್ಲಿ ಒಂದು ಎಂಬ ಲೆಕ್ಕವನ್ನು ಹೇಳುವಾಗ, ಮೊದಲ ಮಗುವಿಗೆ ಕಾಯಿಲೆ ಬಂದದ್ದರಿಂದ ಮುಂದಿನ ಮೂವರೂ ಕ್ಷೇಮವೆಂಬ ಭ್ರಮೆ ಹುಟ್ಟದಂತೆ, ಪ್ರತಿಯೊಂದು ಬಸಿರಿಗೂ ಆ ಲೆಕ್ಕ ಹೊಸದಾಗಿ ಮೊದಲಾಗುತ್ತದೆಂದು ತಿಳಿಸಲಿ. ಸೋದರಿಕೆಯನ್ನು ಹೀಯಾಳಿಸದೆ, ಹೊಗಳದೆ, ಮನೆಯಲ್ಲಿ ಅಂಥ ಕಾಯಿಲೆ ಇದ್ದವರು ಮದುವೆಯ ಮಾತಿಗೆ ಮುಂಚೆ ವೈದ್ಯರನ್ನು ಕಾಣಬೇಕೆಂದು ಹೇಳಲಿ. ಎಲ್ಲಕ್ಕಿಂತ ಮೊದಲು, ‘ದೋಷ’ ಎಂಬ ಮಾತನ್ನು ಜ್ಯೋತಿಷಿಗಳಿಗೆ ಹಿಂದಿರುಗಿಸಲಿ. ನಮ್ಮಲ್ಲಿ ಅದಕ್ಕಿಂತ ಸತ್ಯವಾದ, ಯಾರನ್ನೂ ನೋಯಿಸದ ಮಾತು ಗ್ರಂಥಸಂಪಾದನೆಯ ಶಾಸ್ತ್ರದಲ್ಲಿ ಎಂದೋ ಸಿದ್ಧವಾಗಿದೆ. ಮಗುವಿನ ದೇಹದಲ್ಲಿರುವುದು ಪಾಠಾಂತರ. ಅದನ್ನು ಬರೆದವರು ತಾಯಿಯಲ್ಲ, ತಂದೆಯೂ ಅಲ್ಲ. ಅವರಿಬ್ಬರೂ ತಮಗೆ ಬಂದ ಪ್ರತಿಯನ್ನು ಪ್ರೀತಿಯಿಂದ ಮುಂದಕ್ಕೆ ಕೊಟ್ಟವರು, ಅಷ್ಟೆ.